ಅಂಕಿಯಿಲ್ಲದ ಗಡಿಯಾರದಲ್ಲಿ ಅಲಂಕಾರವಿಚಾರ

ಗೋಡೆಗೆ ತೂಗುಹಾಕುವ ಗಡಿಯಾರವು ವಿಮರ್ಶೆಗೆ ವಿಷಯವಾಗಬಲ್ಲುದೇ ಎಂದು ಈ ಪತ್ರಿಕೆಯ ವಾಚಕಮಹಾಶಯರು ಶಂಕಿಸಬಹುದು. ಶಂಕೆಯು ಸಹಜವಾದುದೇ. ಆದರೆ ನಮ್ಮ ಆಲಂಕಾರಿಕರು ಅಲಂಕಾರವೆಂಬ ಮಾತನ್ನೇ ಅಕ್ಕಸಾಲೆಯ ಅಂಗಡಿಯಿಂದ ತಂದವರು. ಉಪಮಾದಿಗಳು ಕಾವ್ಯಕ್ಕೆ ಹೇಗೆ ಶೋಭೆಯನ್ನುಂಟುಮಾಡುವುವೆಂಬುದನ್ನು ತಿಳಿಸಬೇಕಾದಾಗಲೆಲ್ಲ ಅವರು ಹಾರ ಕಟಕ ಕುಂಡಲಗಳನ್ನೇ ಉದಾಹರಿಸಿದರು. ವಸ್ತುವಿನಿಂದ ಕಾವ್ಯಕ್ಕೆ ಕಡವಾಗಿ ಬಂದ ಈ ವಿಚಾರವನ್ನು ಒಮ್ಮೆ ಕಾವ್ಯದಿಂದ ವಸ್ತುವಿಗೆ ಹಿಂದಿರುಗಿಸಿ ಪರೀಕ್ಷಿಸಿದರೆ, ಅದರ ಬಲಾಬಲಗಳು ಇನ್ನಷ್ಟು ಸ್ಪಷ್ಟವಾದಾವೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯಲು ತೊಡಗಿದ್ದೇನೆ.

ಪ್ರಕೃತ ವಿಚಾರಕ್ಕೆ ವಿಷಯವಾದುವು ಕ್ರಿ. ಶ. 1940ರಿಂದ 1960ರವರೆಗಿನ ಸುಮಾರು ಎರಡು ದಶಕಗಳಲ್ಲಿ ಯೂರೋಪು ಅಮೆರಿಕಾ ಖಂಡಗಳಲ್ಲಿ ನಿರ್ಮಿತವಾದ ಗೋಡೆಗಡಿಯಾರಗಳು. ಈ ಕಾಲದ ಗೃಹೋಪಕರಣಗಳ ಶೈಲಿಗೆ ‘ಮಿಡ್‌ಸೆಂಚುರಿ ಮಾಡರ್ನ್’, ಎಂದರೆ ಶತಮಾನಮಧ್ಯದ ನವೀನಶೈಲಿ, ಎಂಬ ಹೆಸರು ಈಗ ರೂಢವಾಗಿದೆ. 1984ರಲ್ಲಿ ಕಾರಾ ಗ್ರೀನ್‌ಬರ್ಗ್ ಎಂಬ ಲೇಖಕಿಯು ಇದೇ ಹೆಸರಿನಿಂದ ಪ್ರಕಟಿಸಿದ ಗ್ರಂಥದ ಮೂಲಕ ಈ ಸಂಜ್ಞೆಯು ಪ್ರಚಾರಕ್ಕೆ ಬಂದಿತು. ಈ ಗಡಿಯಾರಗಳಲ್ಲಿ ಮೊಟ್ಟಮೊದಲು ಕಣ್ಣಿಗೆ ಬೀಳುವ ಲಕ್ಷಣವೆಂದರೆ ಅಂಕಿಗಳ ಲೋಪ. ಒಂದರಿಂದ ಹನ್ನೆರಡರವರೆಗಿನ ಸಂಖ್ಯೆಗಳನ್ನು ಅವುಗಳಲ್ಲಿ ಅನೇಕವು ಸಂಪೂರ್ಣವಾಗಿ ತೊರೆದುವು. ತೊರೆದ ಸ್ಥಾನದಲ್ಲಿ ಏನನ್ನು ಇಟ್ಟುವು, ಇಟ್ಟುದು ಅರ್ಥದ ಅಂಗವೋ ಬರಿಯ ಅಲಂಕಾರವೋ ಎಂಬುದೇ ಇಲ್ಲಿ ವಿಚಾರಣೀಯವಾದ ಪ್ರಶ್ನೆ.

ಮೊದಲು ಅಂಕಿಗಳ ವಿಷಯ. ನಾನು ಬಾಲ್ಯದಲ್ಲಿ ಓದಿದ ಸಂಸ್ಕೃತಪಾಠಶಾಲೆಯ ನಡುಮನೆಯಲ್ಲಿ ಒಂದು ಹಳೆಯ ಲೋಲಕದ ಗಡಿಯಾರವಿದ್ದಿತು. ಗಾಜಿನ ಬಾಗಿಲು, ಅದರ ಹಿಂದೆ ತೂಗಾಡುವ ಹಿತ್ತಾಳೆಯ ಬಿಲ್ಲೆ, ವಾರಕ್ಕೊಮ್ಮೆ ಕೀಲಿ ಕೊಡಲು ಮುಖದಲ್ಲಿ ಎರಡು ರಂಧ್ರಗಳು. ಅದರ ಮೇಲಿನ ಅಂಕಿಗಳು ರೋಮನ್ ಲಿಪಿಯವು. ಶಬ್ದರೂಪಾವಳಿಯನ್ನು ಕಂಠಪಾಠ ಮಾಡುತ್ತಿದ್ದ ನಮಗೆ ಆ ಲಿಪಿಯು ತಿಳಿಯದು. ಕಡ್ಡಿಗಳನ್ನು ಜೋಡಿಸಿದಂತೆ ಕಾಣುತ್ತಿದ್ದ ಆ ಗುರುತುಗಳು ಸಂಖ್ಯೆಗಳೆಂಬುದನ್ನು ನಾನು ಅರಿತದ್ದು ಎಷ್ಟೋ ವರ್ಷಗಳ ಮೇಲೆ. ಆದರೂ ಪಾಠ ಮುಗಿಯುವ ವೇಳೆಯನ್ನು ನಮ್ಮಲ್ಲಿ ಒಬ್ಬನಾದರೂ ತಪ್ಪಾಗಿ ಓದಿದವನಲ್ಲ. ಚಿಕ್ಕ ಮುಳ್ಳು ಕೆಳಗೆ ನೇರವಾಗಿ, ದೊಡ್ಡ ಮುಳ್ಳು ಮೇಲೆ ನೇರವಾಗಿ ನಿಂತರೆ ಸಂಧ್ಯಾವಂದನೆಗೆ ಏಳಬೇಕು ಎಂಬಿಷ್ಟೇ ನಮ್ಮ ಜ್ಞಾನ. ಇದರಿಂದ ಸಿದ್ಧವಾಗುವುದೇನೆಂದರೆ, ಗಡಿಯಾರದಲ್ಲಿ ಕಾಲಕ್ಕೆ ವಾಚಕವಾದುದು ಮುಳ್ಳಿನ ಸ್ಥಾನವೇ ಹೊರತು ಅಂಕಿಯಲ್ಲ. ಸ್ಥಾನವು ಒಮ್ಮೆ ಹೇಳಿದುದನ್ನೇ ಅಂಕಿಯು ಎರಡನೆಯ ಸಲ ಹೇಳುತ್ತದೆ. ಶಾಸ್ತ್ರದ ಪರಿಭಾಷೆಯಲ್ಲಿ ಇದನ್ನು ಪುನರುಕ್ತಿಯೆನ್ನಬೇಕು. ಆದರೆ ಕಲಿಯುವವನಿಗೆ ಉಪಕಾರಕವಾದ ಪುನರುಕ್ತಿಯಾದುದರಿಂದ ಶತಮಾನಗಳ ಕಾಲ ಅದು ದೋಷವೆನಿಸಲಿಲ್ಲ.

ನಮ್ಮ ಪೂರ್ವಿಕರ ಕಾಲಮಾಪನವನ್ನು ನೆನೆದರೂ ಈ ಮಾತು ದೃಢವಾಗುತ್ತದೆ. ಸೂರ್ಯಸಿದ್ಧಾಂತದಲ್ಲಿ ವರ್ಣಿತವಾದ ಕಪಾಲಯಂತ್ರವು ತಳದಲ್ಲಿ ರಂಧ್ರವುಳ್ಳ ತಾಮ್ರದ ಪಾತ್ರೆ. ಅದು ಅಹೋರಾತ್ರಕ್ಕೆ 60 ಸಲ ನೀರಿನಲ್ಲಿ ಮುಳುಗುವುದು. ನಮ್ಮ ಮನೆಗಳಲ್ಲಿ ಗಳಿಗೆಬಟ್ಟಲೆಂದು ಹೇಳುತ್ತಿದ್ದುದು ಇದನ್ನೇ. ಒಂದು ಮುಳುಗಿಗೆ ಒಂದು ಘಟಿಕೆ, ಎಂದರೆ ಇಂದಿನ ಲೆಕ್ಕದಲ್ಲಿ 24 ನಿಮಿಷ. ಗಡಿಯಾರವೆಂಬ ನಮ್ಮ ಮಾತಿನಲ್ಲಿಯೂ ಘಟಿಕೆಯೇ ಅಡಗಿದೆ. ಆ ಬಟ್ಟಲಿನ ಮೇಲೆ ಸಂಖ್ಯೆಯನ್ನು ಬರೆಯಬೇಕಾದ ಪ್ರಸಂಗವಿರಲಿಲ್ಲ. ಎಣಿಸುವವನು ಬೇರೆ, ಯಂತ್ರವು ಬೇರೆ. ಅಂಕಿಯು ಕಾಲಯಂತ್ರಕ್ಕೆ ಸ್ವಭಾವಸಿದ್ಧವಾದ ಅವಯವವಲ್ಲವೆಂಬುದಕ್ಕೆ ಇದೊಂದು ಪ್ರಮಾಣ.

ಇನ್ನು ಪ್ರಕೃತಕ್ಕೆ ಬರೋಣ. ಅಂಕಿಯನ್ನು ಬಿಡುವುದಕ್ಕೆ ಮುಂಚೆ ಗಡಿಯಾರವು ತನ್ನ ಪೆಟ್ಟಿಗೆಯನ್ನು ಬಿಡಬೇಕಾಯಿತು. ಲೋಲಕವು ತೂಗಾಡಲು ನೀಳವಾದ ಗೂಡು ಬೇಕು. ಗೂಡಿಗೆ ಬಾಗಿಲು ಬೇಕು. ಬಾಗಿಲಿಗೆ ಕೆತ್ತನೆಯ ಚೌಕಟ್ಟು ತಾನಾಗಿ ಬಂದು ಸೇರುವುದು. 1916ರಲ್ಲಿ ಹೆನ್ರಿ ವಾರನ್ ಎಂಬ ಅಮೆರಿಕದ ಯಂತ್ರಶಿಲ್ಪಿಯು, ಮನೆಗೆ ಬರುವ ವಿದ್ಯುತ್ಪ್ರವಾಹದ ಆಂದೋಲನವನ್ನೇ ಅನುಸರಿಸಿ ಸಮವೇಗದಿಂದ ತಿರುಗುವ ಚಿಕ್ಕ ಮೋಟಾರನ್ನು ಗಡಿಯಾರಕ್ಕೆ ಅಳವಡಿಸಿದನು. ಆಗ ಲೋಲಕವೂ ಬುಗುಟಿಯಂತೆ ಸುತ್ತಿದ ಸ್ಪ್ರಿಂಗೂ ಕೀಲಿಯೂ ಅನಾವಶ್ಯಕವಾದುವು. ಅಂಗೈಯಗಲದ ಯಂತ್ರವೊಂದು ಮುಳ್ಳುಗಳ ಹಿಂದೆ ಅಡಗಿದರೆ ಸಾಕು. ದೇಹವು ಹೋಗಿ ಮುಖವೊಂದೇ ಉಳಿದ ಮೇಲೆ, ಆ ಮುಖವು ಹೇಗಿರಬೇಕೆಂಬ ಪ್ರಶ್ನೆಯು ಶಿಲ್ಪಿಗಳಿಗೆ ಹೊಸದಾಗಿ ಎದುರಾಯಿತು.

ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ದೊರೆತುವು. ಮೊದಲನೆಯದು ಯೂರೋಪಿನದು, ಇದನ್ನು ಮಿತಮಾರ್ಗವೆನ್ನೋಣ. ಸ್ವಿಟ್ಸರ್‌ಲೆಂಡಿನ ರೈಲ್ವೆಯಲ್ಲಿ ಎಂಜಿನಿಯರಾಗಿದ್ದ ಹಾನ್ಸ್ ಹಿಲ್ಫಿಕರರು 1944ರಲ್ಲಿ ನಿಲ್ದಾಣಗಳಿಗಾಗಿ ಒಂದು ಗಡಿಯಾರವನ್ನು ರಚಿಸಿದರು. ಬಿಳಿಯ ಮುಖ, ಗಂಟೆಗೆ ದಪ್ಪವಾದ ಕಪ್ಪು ಪಟ್ಟಿ, ನಿಮಿಷಕ್ಕೆ ತೆಳುವಾದ ಕಪ್ಪು ಪಟ್ಟಿ, ಕಪ್ಪು ಮುಳ್ಳುಗಳು. ಅಂಕಿ ಒಂದೂ ಇಲ್ಲ. 1953ರಲ್ಲಿ ಇದಕ್ಕೆ ಕೆಂಪು ಬಣ್ಣದ ಸೆಕೆಂಡಿನ ಮುಳ್ಳು ಸೇರಿತು. ಅದರ ತುದಿಯ ಕೆಂಪು ಬಿಲ್ಲೆಯು ನಿಲ್ದಾಣದ ಅಧಿಕಾರಿಯು ಗಾಡಿಯನ್ನು ಹೊರಡಿಸುವಾಗ ಎತ್ತಿಹಿಡಿಯುವ ಫಲಕದ ಆಕಾರದ್ದು. ಆ ಮುಳ್ಳು ಸುಮಾರು ಐವತ್ತೆಂಟೂವರೆ ಸೆಕೆಂಡಿನಲ್ಲಿ ಸುತ್ತನ್ನು ಮುಗಿಸಿ, ಮುಖ್ಯಗಡಿಯಾರದಿಂದ ಬರುವ ವಿದ್ಯುತ್ಸಂಜ್ಞೆಗಾಗಿ ಮೇಲೆ ಕ್ಷಣಕಾಲ ನಿಂತು, ಸಂಜ್ಞೆ ಬಂದೊಡನೆ ಮತ್ತೆ ಹೊರಡುವುದು.

ಡೆನ್ಮಾರ್ಕಿನ ವಾಸ್ತುಶಿಲ್ಪಿ ಆರ್ನೆ ಯಾಕೋಬ್ಸೆನ್ನರಲ್ಲಿ (1902–1971) ಈ ಮಾರ್ಗದ ಪರಿಣಾಮವನ್ನು ಒಬ್ಬನೇ ವ್ಯಕ್ತಿಯ ಕೃತಿಗಳಲ್ಲಿ ಕಾಣಬಹುದು. ಆರ್‌ಹುಸ್ ನಗರದ ಪುರಭವನಕ್ಕಾಗಿ 1942ರ ಸುಮಾರಿನಲ್ಲಿ ಅವರು ರಚಿಸಿದ ಗಡಿಯಾರದಲ್ಲಿ ರೋಮನ್ ಅಂಕಿಗಳಿವೆ. 1956ರಲ್ಲಿ ರೋಡೋವ್ರೆ ಪುರಭವನಕ್ಕಾಗಿ ರಚಿಸಿದುದರಲ್ಲಿ ಅಂಕಿಗಳು ಅಳಿದು ಗೆರೆಗಳು ಮಾತ್ರ ನಿಂತಿವೆ. ಜರ್ಮನಿಯಲ್ಲಿ ಉಲ್ಮ್ ನಗರದ ಶಿಲ್ಪವಿದ್ಯಾಲಯದ ಮೊದಲನೆಯ ಮುಖ್ಯಾಧ್ಯಾಪಕರಾಗಿದ್ದ ಮ್ಯಾಕ್ಸ್ ಬಿಲ್ಲರು (1908–1994) ಶ್ರಾಂಬರ್ಗಿನ ಯುಂಗ್‌ಹಾನ್ಸ್ ಕಾರ್ಖಾನೆಗಾಗಿ 1956ರ ಸುಮಾರಿನಲ್ಲಿ ಅಡಿಗೆಮನೆಯ ಗಡಿಯಾರವೊಂದನ್ನು ರಚಿಸಿದರು. ಪಿಂಗಾಣಿಯ ಒಂದೇ ದೇಹ. ಮೇಲೆ ಹೊತ್ತನ್ನು ತೋರಿಸುವ ದೊಡ್ಡ ವೃತ್ತ, ಕೆಳಗೆ ಒಲೆಯ ಮೇಲಿಟ್ಟ ಪದಾರ್ಥದ ಪಾಕಕಾಲವನ್ನು ಎಣಿಸುವ ಚಿಕ್ಕ ವೃತ್ತ. ಎರಡು ಕೆಲಸಗಳಿರುವುದರಿಂದಲೇ ಎರಡು ವೃತ್ತಗಳು; ಹಬೆಯೂ ಜಿಡ್ಡೂ ತಗಲುವ ಎಡೆಯಾದುದರಿಂದಲೇ ಒರೆಸಲು ಸುಲಭವಾದ ಪಿಂಗಾಣಿ. ಕ್ಷೇಮೇಂದ್ರನು ಕಾವ್ಯದ ಪ್ರತಿಯೊಂದು ಅಂಗದಲ್ಲಿಯೂ ಹುಡುಕಿದ ಔಚಿತ್ಯಕ್ಕೆ ಇದಕ್ಕಿಂತ ಸುಲಭವಾದ ಲೌಕಿಕ ದೃಷ್ಟಾಂತವನ್ನು ನಾನು ಕಂಡಿಲ್ಲ.

ಎರಡನೆಯ ಉತ್ತರವು ಅಮೆರಿಕದ್ದು. ಮಿಷಿಗನ್ ಪ್ರಾಂತದ ಜೀಲೆಂಡ್ ಎಂಬ ಊರಿನ ಹೋವರ್ಡ್ ಮಿಲ್ಲರ್ ಗಡಿಯಾರದ ಸಂಸ್ಥೆಗಾಗಿ ಜಾರ್ಜ್ ನೆಲ್ಸನ್ನರ (1908–1986) ನ್ಯೂಯಾರ್ಕಿನ ಕಾರ್ಯಾಲಯವು 1940ರ ದಶಕದ ಕೊನೆಯಿಂದ ಮೊದಲ್ಗೊಂಡು ಅನೇಕ ದಶಕಗಳ ಕಾಲ ಗಡಿಯಾರಗಳನ್ನು ರಚಿಸುತ್ತ ಬಂದಿತು. ನೆಲ್ಸನ್ನರು ಎರಡು ಸಂಗತಿಗಳನ್ನು ಗಮನಿಸಿದ್ದರು. ಜನರು ಅಂಕಿಯನ್ನು ಓದದೆ ಮುಳ್ಳಿನ ನೆಲೆಯನ್ನೇ ಓದುತ್ತಾರೆಂಬುದು ಒಂದು. ಪ್ರತಿಯೊಬ್ಬನ ಮಣಿಕಟ್ಟಿನಲ್ಲಿಯೂ ಕೈಗಡಿಯಾರವಿರುವುದರಿಂದ ಗೋಡೆಯ ಗಡಿಯಾರವು ಕೋಣೆಗೆ ಭೂಷಣವಾಗಿಯೇ ಉಳಿಯುವುದೆಂಬುದು ಇನ್ನೊಂದು. ಈ ಎರಡು ಹೇತುಗಳಿಂದ ಹುಟ್ಟಿದವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 1948–49ರ ಸುಮಾರಿನ ‘ಬಾಲ್ ಕ್ಲಾಕ್’, ಎಂದರೆ ಗುಂಡುಗಳ ಗಡಿಯಾರ. ನಡುವೆ ಹಿತ್ತಾಳೆಯ ಬಿಲ್ಲೆ. ಅದರಿಂದ ಹನ್ನೆರಡು ದಿಕ್ಕಿಗೆ ಹೊರಟ ಹನ್ನೆರಡು ಕಡ್ಡಿಗಳು. ಒಂದೊಂದು ಕಡ್ಡಿಯ ತುದಿಯಲ್ಲಿ ಒಂದೊಂದು ಮರದ ಗುಂಡು. ಮುಳ್ಳುಗಳಲ್ಲಿ ಒಂದಕ್ಕೆ ತ್ರಿಕೋನದ ಆಕಾರ, ಇನ್ನೊಂದಕ್ಕೆ ಅಂಡದ ಆಕಾರ. ಒಟ್ಟು ವ್ಯಾಸವು ಸುಮಾರು 33 ಸೆಂಟಿಮೀಟರು. ಮುಖಫಲಕವೆಂಬುದೇ ಇಲ್ಲ; ಕಡ್ಡಿಗಳ ನಡುವೆ ಕಾಣುವುದು ಮನೆಯ ಗೋಡೆ.

ಇಲ್ಲಿ ಪೂರ್ವಪಕ್ಷವು ಏಳುತ್ತದೆ. ಮಿತಮಾರ್ಗದವರು ಹೇಳುವರು: “ಅಂಕಿಯನ್ನು ತೆಗೆದುದು ಅದು ಅನಾವಶ್ಯಕವೆಂದಲ್ಲವೆ? ಅನಾವಶ್ಯಕವಾದ ಒಂದನ್ನು ತೆಗೆದು ಅನಾವಶ್ಯಕವಾದ ಇನ್ನೊಂದನ್ನು ಏಕೆ ಇಡಬೇಕು? ಗೆರೆಯಿಂದ ಆಗುವ ಕೆಲಸಕ್ಕೆ ಬಣ್ಣದ ಗುಂಡೇಕೆ?” ಈ ಪಕ್ಷದ ಮೂಲವು ಹಳೆಯದು. ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ 1910ರಲ್ಲಿ ಮಾಡಿದ ಪ್ರಖ್ಯಾತವಾದ ಉಪನ್ಯಾಸದಲ್ಲಿ ಅಲಂಕಾರವನ್ನು ಅಪರಾಧದೊಂದಿಗೆ ಜೋಡಿಸಿದ್ದನು. 1919ರಿಂದ 1933ರವರೆಗೆ ಜರ್ಮನಿಯಲ್ಲಿ ನಡೆದ ಬೌಹೌಸ್ ವಿದ್ಯಾಲಯವು ಉಪಯೋಗವನ್ನು ಅನುಸರಿಸಿದ ರೂಪವನ್ನು ಬೋಧಿಸಿತು; ಮೇಲೆ ಹೇಳಿದ ಬಿಲ್ಲರು ಅಲ್ಲಿಯ ವಿದ್ಯಾರ್ಥಿಗಳೇ. ಈ ದೃಷ್ಟಿಯಿಂದ ನೋಡುವವರಿಗೆ ಸ್ವಿಸ್ ಗಡಿಯಾರವು ಸತ್ಯವಾದಿಯಾಗಿಯೂ ನೆಲ್ಸನ್ನರ ಗಡಿಯಾರವು ವಾಚಾಳಿಯಾಗಿಯೂ ತೋರುವುದು ಸಹಜ.

ಈ ವಿವಾದವು ನಮ್ಮವರಿಗೆ ಹೊಸದಲ್ಲ. ಮಮ್ಮಟನು ಕಾವ್ಯಲಕ್ಷಣವನ್ನು ಹೇಳುವಾಗ, ಎಲ್ಲಿಯಾದರೂ ಅಲಂಕಾರವು ಸ್ಫುಟವಾಗಿ ಇಲ್ಲದಿದ್ದರೂ ಕಾವ್ಯತ್ವಕ್ಕೆ ಹಾನಿಯಿಲ್ಲವೆಂದು ಅವಕಾಶ ಕೊಟ್ಟನು. ಚಂದ್ರಾಲೋಕಕಾರನಾದ ಜಯದೇವನು ಇದನ್ನು ಸಹಿಸದೆ, ಅಲಂಕಾರವಿಲ್ಲದ ಶಬ್ದಾರ್ಥಗಳನ್ನು ಕಾವ್ಯವೆಂದು ಒಪ್ಪುವವನು ಅಗ್ನಿಯನ್ನು ಉಷ್ಣವಿಲ್ಲದ್ದೆಂದು ಏಕೆ ಒಪ್ಪಲಾರನು ಎಂದು ಹಾಸ್ಯಮಾಡಿದನು. ಲೋಸನು ಮಮ್ಮಟನಿಗಿಂತ ಬಹುದೂರ ಹೋದನು. ಬಣ್ಣಗುಂಡುಗಳ ಪಕ್ಷಪಾತಿಗಳು ಜಯದೇವನ ಸಮೀಪದಲ್ಲಿದ್ದಾರೆ. ಆದರೆ ಅಲಂಕಾರವು ಇರಬೇಕೆ ಬೇಡವೆ ಎಂದು ಇಬ್ಬರೂ ಕೇಳುತ್ತಿರುವವರೆಗೆ ನಿರ್ಣಯವಾಗಲಾರದು. ಅದು ಎಲ್ಲಿ ನಿಂತಿದೆ ಎಂದು ಕೇಳಬೇಕು. ಈ ಪ್ರಶ್ನೆಯನ್ನು ಸರಿಯಾಗಿ ಕೇಳಿದವನು ಆನಂದವರ್ಧನನು. ಕವಿಯು ರಸದಲ್ಲಿ ಮಗ್ನನಾಗಿರುವಾಗ ಬೇರೊಂದು ಪ್ರಯತ್ನವಿಲ್ಲದೆಯೇ ಸಿದ್ಧಿಸುವ ಅಲಂಕಾರವೇ ಧ್ವನಿಗೆ ಅಂಗವೆಂದು ಅವನು ನಿಯಮಿಸಿದನು. ಇದೇ ಅಪೃಥಗ್ಯತ್ನನಿರ್ವರ್ತ್ಯವಾದ ಅಲಂಕಾರ. ಪ್ರಯತ್ನವು ಎರಡಾದರೆ ಅಲಂಕಾರವು ಹೊರಗಿನದು. ಒಂದೇ ಆದರೆ ಒಳಗಿನದು.

ಈ ನಿಯಮವನ್ನು ಗುಂಡುಗಳ ಗಡಿಯಾರಕ್ಕೆ ಹಚ್ಚಿ ಅನ್ವಯವ್ಯತಿರೇಕಗಳಿಂದ ಪರೀಕ್ಷಿಸೋಣ. ಗುಂಡುಗಳನ್ನೂ ಅವುಗಳ ಕಡ್ಡಿಗಳನ್ನೂ ತೆಗೆದುಹಾಕಿದರೆ ಉಳಿಯುವುದು ಗೋಡೆಯ ನಡುವೆ ತಿರುಗುವ ಎರಡು ಮುಳ್ಳುಗಳು. ಆಗ ಶೋಭೆಯೂ ಹೋಯಿತು, ಗಂಟೆಯ ಗುರುತೂ ಹೋಯಿತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆಯಲು ಸಾಧ್ಯವಿಲ್ಲ. ಗುಂಡಿನ ಸ್ಥಾನದಲ್ಲಿ ಮರದ ಘನವನ್ನಿಟ್ಟರೆ ಸೊಗಸು ಬದಲಾದೀತು, ಹೊತ್ತು ಬದಲಾಗದು. ಆದುದರಿಂದ ಗುಂಡೆಂಬ ಆಕಾರವು ಅಲಂಕಾರ, ಗುಂಡಿನ ನೆಲೆಯು ಅರ್ಥ. ಆದರೆ ಇವೆರಡೂ ಒಂದೇ ವಸ್ತುವಿನಲ್ಲಿ ಒಂದೇ ಪ್ರಯತ್ನದಿಂದ ಸೇರಿವೆ. ಅಂಕಿಗಳು ತೆರವು ಮಾಡಿದ ಹನ್ನೆರಡು ಎಡೆಗಳಲ್ಲಿಯೇ ಹನ್ನೆರಡು ಗುಂಡುಗಳು ನಿಂತಿವೆಯಲ್ಲದೆ ಹದಿಮೂರನೆಯದೊಂದು ಇಲ್ಲ. ಮಿತಮಾರ್ಗದವರ ಗೆರೆಯು ಮಾಡುವ ಕೆಲಸವನ್ನೇ ಗುಂಡು ಮಾಡುತ್ತದೆ, ಮಾಡುತ್ತಲೇ ಶೋಭಿಸುತ್ತದೆ. ಹೀಗಿರಲಾಗಿ ಇದನ್ನು ವಾಚಾಳಿಯೆನ್ನುವುದು ನ್ಯಾಯವಲ್ಲ.

ಇದೇ ನಿಯಮವು ದೋಷವನ್ನೂ ತೋರಿಸಬಲ್ಲುದು. 1950–60ರ ದಶಕಗಳಲ್ಲಿ ಅಮೆರಿಕದ ಮನೆಗಳಲ್ಲಿ ಸೂರ್ಯಕಿರಣದ ಗಡಿಯಾರಗಳು ಬಹಳವಾಗಿ ಹಬ್ಬಿದುವು. ಅವುಗಳಲ್ಲಿ ಹಲವಕ್ಕೆ ನಡುವೆ ಅಂಕಿಗಳುಳ್ಳ ಚಿಕ್ಕ ಮುಖ. ಅದರ ಸುತ್ತಲೂ ಉದ್ದ ಗಿಡ್ಡವಾದ ಅಸಂಖ್ಯ ಕಡ್ಡಿಗಳು. ಇಲ್ಲಿ ಕಡ್ಡಿಗಳನ್ನೆಲ್ಲ ಮುರಿದು ತೆಗೆದರೂ ಗಡಿಯಾರವು ಎಂದಿನಂತೆ ನಡೆಯುತ್ತದೆ, ಎಂದಿನಂತೆ ಓದಿಸಿಕೊಳ್ಳುತ್ತದೆ. ಕಿರಣವು ಹೊತ್ತನ್ನು ಹೇಳಲು ಅಸಮರ್ಥವಾದುದರಿಂದಲೇ ಹೊರಗೆ ಹಾಕಿದ್ದ ಅಂಕಿಯು ಮತ್ತೆ ಒಳಗೆ ಬಂದಿತು. ಪ್ರಯತ್ನವು ಎರಡಾಯಿತು, ಅರ್ಥಕ್ಕೊಂದು, ಶೋಭೆಗೊಂದು. ನೋಡುವವನಿಗೆ ಗುಂಡುಗಳ ಗಡಿಯಾರವೂ ಇದೂ ಒಂದೇ ಕುಲದವೆಂದು ತೋರಿದರೂ, ಯಮಕಕ್ಕಾಗಿ ಅರ್ಥವನ್ನು ಎಳೆದಾಡುವ ಪದ್ಯಕ್ಕೂ ಸಹಜವಾದ ಪ್ರಾಸವುಳ್ಳ ಪದ್ಯಕ್ಕೂ ಇರುವಷ್ಟು ಅಂತರವು ಇವೆರಡರ ನಡುವೆ ಇದೆ. ನೆಲ್ಸನ್ನರ ಕಾರ್ಯಾಲಯದ ಕೃತಿಗಳೆಲ್ಲವೂ ಈ ಪರೀಕ್ಷೆಯಲ್ಲಿ ಸಮಾನವಾಗಿ ಗೆಲ್ಲುವುವೆಂದೂ ನಾನು ಹೇಳಲಾರೆ. 1957ರ ‘ಕಣ್ಣಿನ ಗಡಿಯಾರ’ದಲ್ಲಿ ಅಡ್ಡವಾಗಿ ನೀಳವಾದ ನೇತ್ರದ ಆಕಾರವೇ ಪ್ರಧಾನ. ಹೊತ್ತು ತೋರುವುದಕ್ಕೆ ಮುನ್ನ ಕಣ್ಣು ತೋರುತ್ತದೆ. ಉಪಮಾನವು ಉಪಮೇಯವನ್ನು ನುಂಗಿದೆ. ಕಾಲವನ್ನು ಕಣ್ಣಿಗೆ ಹೋಲಿಸಲು ಇಲ್ಲಿ ಸಾಧಾರಣಧರ್ಮವು ಯಾವುದೆಂದು ಕೇಳಿದರೆ ಉತ್ತರವು ಕಷ್ಟ.

ಗುಂಡುಗಳ ಗಡಿಯಾರಕ್ಕೂ ಮಿತಿಗಳುಂಟು. ನನ್ನ ಸೋದರಳಿಯನೊಬ್ಬನು ಹೊರದೇಶದಿಂದ ಬರುವಾಗ ತಂದ ಅಂಥದೊಂದು ಗಡಿಯಾರವು ಈಗ ನನ್ನ ಓದುವ ಕೋಣೆಯಲ್ಲಿದೆ. ಅದರ ಗುಂಡುಗಳೆಲ್ಲವೂ ಒಂದೇ ಮರದ ಬಣ್ಣದವು. ಬರುವ ವಿದ್ಯಾರ್ಥಿಗಳನ್ನು ಹೊತ್ತು ಕೇಳಿದರೆ ಗಂಟೆಯನ್ನು ಎಲ್ಲರೂ ಸರಿಯಾಗಿ ಹೇಳುತ್ತಾರೆ. ನಿಮಿಷದಲ್ಲಿ ಮಾತ್ರ ಒಬ್ಬನಿಗೂ ಇನ್ನೊಬ್ಬನಿಗೂ ಎರಡು ಮೂರರ ವ್ಯತ್ಯಾಸವಾಗುತ್ತದೆ. ನಿಮಿಷಕ್ಕೆ ಗುರುತೇ ಇಲ್ಲದಿರುವಾಗ ಇದು ಅನಿವಾರ್ಯ. ಒಮ್ಮೆ ಧೂಳು ಒರೆಸಲು ಅದನ್ನು ಕೆಳಗಿಳಿಸಿದ ವಿದ್ಯಾರ್ಥಿಯು ಸರಿಯಾಗಿ ಮೂರು ಗಂಟೆಗೆ ಅದನ್ನು ಒಂದು ಗುಂಡಿನಷ್ಟು ಬಲಕ್ಕೆ ತಿರುಗಿಸಿ ಹಿಡಿದಿದ್ದನು. ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬನು ಅದನ್ನು ನೋಡಿ “ಗುರುಗಳೇ, ನಾಲ್ಕು ಗಂಟೆ ಐದು ನಿಮಿಷವಾಯಿತು, ಪಾಠ ಮುಗಿಸೋಣವೇ?” ಎಂದು ಕೇಳಿದನು. ಅವನ ತಪ್ಪೇನೂ ಇರಲಿಲ್ಲ. ಹನ್ನೆರಡು ಗುಂಡುಗಳೂ ಒಂದೇ ತೆರನಾಗಿರುವಾಗ ಇದು ಹನ್ನೆರಡನೆಯದು, ಇದು ಒಂದನೆಯದು ಎಂದು ನಿರ್ಣಯಿಸುವುದು ಯಾವುದು? ಗಡಿಯಾರದಲ್ಲಿ ಅದು ಇಲ್ಲ, ಗೋಡೆಯಲ್ಲಿ ಇದೆ. ಮೊಳೆಯ ಮೇಲೆ ತೂಗಿದಾಗ ಮೇಲೆ ಬಂದುದೇ ಹನ್ನೆರಡು.

ಭರ್ತೃಹರಿಯು ವಾಕ್ಯಪದೀಯದಲ್ಲಿ ಅನೇಕಾರ್ಥವಾದ ಶಬ್ದಕ್ಕೆ ಅರ್ಥವನ್ನು ನಿಯಮಿಸುವ ಹೇತುಗಳನ್ನು ಎಣಿಸುವಾಗ ಪ್ರಕರಣ, ಔಚಿತ್ಯ, ದೇಶ, ಕಾಲ ಮೊದಲಾದುವನ್ನು ಹೇಳಿದ್ದಾನೆ. ಈ ಗಡಿಯಾರದಲ್ಲಿ ಕಾಲವನ್ನು ನಿಯಮಿಸುವುದು ದೇಶವೇ. ಅಂಕಿಯುಳ್ಳ ಗಡಿಯಾರವನ್ನು ತಲೆಕೆಳಗು ಮಾಡಿದರೂ ಪ್ರಯಾಸದಿಂದ ಓದಬಹುದು. ಅದು ತನ್ನ ಅರ್ಥವನ್ನು ತನ್ನಲ್ಲಿಯೇ ಹೊತ್ತಿರುತ್ತದೆ. ಅಂಕಿಯಿಲ್ಲದ್ದು ನೆಟ್ಟಗೆ ನಿಂತ ಗೋಡೆಯನ್ನೂ ಅದರ ಎದುರಿಗೆ ನೆಟ್ಟಗೆ ನಿಂತ ಮನುಷ್ಯನನ್ನೂ ಅಪೇಕ್ಷಿಸುತ್ತದೆ. ಮುಖಫಲಕವನ್ನು ತೊರೆದು ಗೋಡೆಯನ್ನೇ ಫಲಕವಾಗಿ ಮಾಡಿಕೊಂಡ ಈ ರಚನೆಯನ್ನು ‘ಗೋಡೆಯ ಗಡಿಯಾರ’ವೆಂದು ಕರೆಯುವುದು ಅಕ್ಷರಶಃ ಯುಕ್ತವಾಗಿದೆ. ಇಷ್ಟಾದರೂ ಗಾಡಿಯು ಹೊರಡುವ ನಿಲ್ದಾಣಕ್ಕೆ ಇದು ಸಲ್ಲದು. ಅಲ್ಲಿ ನಿಮಿಷವೇ ಫಲ. ಹಿಲ್ಫಿಕರರ ಅರುವತ್ತು ಪಟ್ಟಿಗಳು ಅಲ್ಲಿಗೇ ಉಚಿತ. ಮಣಿಕಟ್ಟಿನಲ್ಲಿ ಕೈಗಡಿಯಾರವನ್ನು ಧರಿಸಿ ಮನೆಗೆ ಬಂದು ಕುಳಿತವನಿಗೆ ಗುಂಡುಗಳು ಸಾಕು. ಹೀಗೆ ಎರಡು ಮಾರ್ಗಗಳ ನಡುವೆ ತರತಮಭಾವವಿಲ್ಲ, ಸ್ಥಾನಭೇದವಿದೆ.

ಇನ್ನೊಂದು ಮಾತು. ಗುಂಡುಗಳ ಗಡಿಯಾರವನ್ನು ಕಂಡವರು ಪರಮಾಣುವಿನ ಚಿತ್ರವನ್ನು ನೆನೆಯುವುದುಂಟು; ಕೆಲವರು ಇದನ್ನು ಪರಮಾಣುಗಡಿಯಾರವೆಂದೇ ಕರೆಯುತ್ತಾರೆ. ಹಿರೋಷಿಮಾ ನಾಗಸಾಕಿಗಳು ದಗ್ಧವಾದ 1945ರಿಂದ ಮೂರು ನಾಲ್ಕು ವರ್ಷಗಳೊಳಗೆ ಹುಟ್ಟಿದ ವಸ್ತುವಾದುದರಿಂದ ಈ ಭಾವನೆಯು ನಿರ್ಮೂಲವಲ್ಲ. ಅಮೋನಿಯಾ ಅಣುಗಳ ಕಂಪನದಿಂದ ಕಾಲವನ್ನು ಅಳೆಯುವ ಯಂತ್ರವನ್ನು ಅಮೆರಿಕದ ರಾಷ್ಟ್ರೀಯ ಮಾನಕಸಂಸ್ಥೆಯು 1949ರಲ್ಲಿ ಪ್ರಕಟಪಡಿಸಿದುದೂ ಕಾಕತಾಳೀಯವಾಗಿ ಇಲ್ಲಿ ಸೇರಿತು. ಆದರೆ ಸಹೃದಯನಿಗೆ ತೋರಿದುದೆಲ್ಲವೂ ಕರ್ತೃವಿನ ವಿವಕ್ಷೆಯಲ್ಲ. ಪರಮಾಣುವಿನ ವ್ಯಂಗ್ಯವನ್ನು ಒಪ್ಪಿದರೂ ಒಪ್ಪದಿದ್ದರೂ ಹನ್ನೆರಡು ಗುಂಡುಗಳ ವಾಚ್ಯಾರ್ಥವು ಕೆಡುವುದಿಲ್ಲ. ವ್ಯಂಗ್ಯವನ್ನು ತೋರಿಸುವ ಉತ್ಸಾಹದಲ್ಲಿ ವಾಚ್ಯವನ್ನು ಮರೆಯುವುದು ವ್ಯಾಖ್ಯಾನಕಾರರ ಹಳೆಯ ದೋಷ. ವಸ್ತುವಿಮರ್ಶಕರಿಗೂ ಅದು ಅಂಟದಿರಲಿ.

ಕರ್ತೃವಿನ ಮಾತು ಬಂದುದರಿಂದ ಕರ್ತೃತ್ವವನ್ನೂ ವಿಚಾರಿಸಬೇಕಾಗಿದೆ. ಗುಂಡುಗಳ ಗಡಿಯಾರವನ್ನು ರಚಿಸಿದವರು ಯಾರು? ನೆಲ್ಸನ್ನರು ತಾವೇ ಹೇಳಿದ ಕಥೆ ಹೀಗಿದೆ. ಒಂದು ಸಂಜೆ ಶಿಲ್ಪಿ ಇಸಾಮು ನೊಗುಚಿಯವರೂ ಬಕ್‌ಮಿನ್‌ಸ್ಟರ್ ಫುಲ್ಲರರೂ ಅವರ ಕಾರ್ಯಾಲಯಕ್ಕೆ ಬಂದರು. ಸಹೋದ್ಯೋಗಿಯಾದ ಅರ್ವಿಂಗ್ ಹಾರ್ಪರರೂ ಅಲ್ಲಿದ್ದರು. ಪಾನಗೋಷ್ಠಿಯು ನಡೆಯುತ್ತಿರಲು ಒಬ್ಬರ ಕೈಯಿಂದ ಒಬ್ಬರು ಕಸಿದುಕೊಂಡು ಕಾಗದದ ಸುರುಳಿಯ ಮೇಲೆ ಗಡಿಯಾರಗಳನ್ನು ಗೀಚಿದರು. ಮರುದಿನ ನೋಡುವಾಗ ಅದರಲ್ಲಿ ಗುಂಡುಗಳ ಗಡಿಯಾರವಿದ್ದಿತು. ಬರೆದವರು ಯಾರೆಂಬುದು ಒಬ್ಬರಿಗೂ ನೆನಪಿರಲಿಲ್ಲ. ನೊಗುಚಿಯವರಿರಬಹುದೆಂದು ನೆಲ್ಸನ್ನರು ಊಹಿಸಿದರು. ಕಥೆಯು ರಮಣೀಯವಾಗಿದೆ. ಆದರೆ ಆ ಕಾರ್ಯಾಲಯದಿಂದ ಹೊರಟ ಗಡಿಯಾರಗಳಲ್ಲಿ ಬಹುಭಾಗವು 1947ರಿಂದ 1963ರವರೆಗೆ ಅಲ್ಲಿ ದುಡಿದ ಹಾರ್ಪರರ (1916–2015) ಕೈಯಿಂದ ಬಂದುದೆಂಬುದನ್ನು ಇಂದು ಎಲ್ಲರೂ ಒಪ್ಪುತ್ತಾರೆ. 1956ರ ‘ಮಾರ್ಷ್‌ಮೆಲೊ’ ಎಂಬ ಪ್ರಸಿದ್ಧ ಆಸನವೂ, ಹರ್ಮನ್ ಮಿಲ್ಲರ್ ಸಂಸ್ಥೆಯ 1947ರ ಲಾಂಛನವೂ ಅವರವೇ. ಹೊರಗೆ ಹೊರಟ ಹೆಸರು ಮಾತ್ರ ನೆಲ್ಸನ್ನರದು.

ಕನ್ನಡ ವಿದ್ವಾಂಸರಿಗೆ ಈ ಸ್ಥಿತಿಯು ಅಪರಿಚಿತವಲ್ಲ. ಕವಿರಾಜಮಾರ್ಗವು ನೃಪತುಂಗನ ಕೃತಿಯೋ ಶ್ರೀವಿಜಯನದೋ ಎಂದು ನಾವು ಎಷ್ಟು ಕಾಲ ವಾದಿಸಿದ್ದೇವೆ! ‘ಅನುಮತ’ವೆಂಬ ಒಂದು ಮಾತಿನ ಮೇಲೆ ಎಷ್ಟು ಲೇಖನಗಳು ಹೊರಟಿವೆ! ರಚಿಸಿದವನು ಒಬ್ಬನು, ಅನುಮತಿಸಿದವನು ಇನ್ನೊಬ್ಬನು ಎಂಬ ವಿಭಾಗವು ರಾಷ್ಟ್ರಕೂಟರ ಆಸ್ಥಾನದಲ್ಲಿ ಹೇಗೋ ಹಾಗೆ ನ್ಯೂಯಾರ್ಕಿನ ಕಾರ್ಯಾಲಯದಲ್ಲಿಯೂ ಸಂಭವಿಸುತ್ತದೆ. ಅನುಮತಿಸುವುದೂ ಒಂದು ಸಾಮರ್ಥ್ಯವೇ; ಅಂಕಿಯನ್ನು ಬಿಟ್ಟರೆ ನಷ್ಟವಿಲ್ಲವೆಂದು ಕಂಡುಕೊಂಡ ಬುದ್ಧಿಯೂ, ಅಂಥ ವಿಚಿತ್ರವಸ್ತುವನ್ನು ಕಾರ್ಖಾನೆಯವರಿಂದ ಮಾಡಿಸಿದ ಧೈರ್ಯವೂ ನೆಲ್ಸನ್ನರದು. ಆದುದರಿಂದ ಈ ಗಡಿಯಾರಗಳನ್ನು ನೆಲ್ಸನ್ನರ ಕೃತಿಗಳೆನ್ನದೆ ನೆಲ್ಸನ್ನರಿಗೆ ಅನುಮತವಾದ, ಬಹುಮಟ್ಟಿಗೆ ಹಾರ್ಪರಕೃತವಾದ ಗಡಿಯಾರಗಳೆಂದರೆ ಸತ್ಯಕ್ಕೆ ಸಮೀಪವಾಗುತ್ತದೆ. ಹಾರ್ಪರರು ತಮ್ಮ ಹೆಸರನ್ನು ಲೋಕವು ಅರಿಯುವಷ್ಟು ಕಾಲ, ತೊಂಬತ್ತು ಮೀರಿಯೂ, ಬದುಕಿದ್ದುದು ಸಂತೋಷದ ವಿಷಯ. ಶ್ರೀವಿಜಯನಿಗೆ ಆ ಭಾಗ್ಯವಿರಲಿಲ್ಲ.

ಇದು ಬರಿಯ ಹೆಸರಿನ ಜಗಳವಲ್ಲ, ಅರ್ಥನಿರ್ಣಯಕ್ಕೂ ಇದರ ಸಂಬಂಧವುಂಟು. ಮದ್ಯದ ಮಬ್ಬಿನಲ್ಲಿ ತಾನಾಗಿ ಹುಟ್ಟಿದುದೆಂಬ ಕಥೆಯನ್ನು ನಂಬಿದವರು ಗುಂಡುಗಳನ್ನು ಲೀಲೆಯೆಂದು ತಿಳಿಯುವರು. ನಿತ್ಯವೂ ಮೇಜಿನ ಮುಂದೆ ಕುಳಿತು ಗಡಿಯಾರದ ಮೇಲೆ ಗಡಿಯಾರವನ್ನು ರಚಿಸಿದ ಒಬ್ಬ ಕುಶಲಿಯ ಪರಂಪರೆಯಲ್ಲಿ ಅದನ್ನಿಟ್ಟು ನೋಡಿದವರಿಗೆ, ಅದರ ಹನ್ನೆರಡು ಗುಂಡುಗಳ ಹಿಂದಿನ ಎಣಿಕೆಯು ಕಾಣುವುದು. ಪ್ರತಿಭೆಯೊಂದನ್ನೇ ಕೊಂಡಾಡಿ ವ್ಯುತ್ಪತ್ತಿ ಅಭ್ಯಾಸಗಳನ್ನು ಮರೆಯಬಾರದೆಂದು ನಮ್ಮ ಶಾಸ್ತ್ರವು ಹೇಳಿರುವುದು ಇದಕ್ಕಾಗಿಯೇ.

ಮೊದಮೊದಲಿನ ಗುಂಡುಗಳ ಗಡಿಯಾರಗಳಿಗೆ ವಿದ್ಯುತ್ತಿನ ತಂತಿಯೊಂದು ಕೆಳಗೆ ಇಳಿಬಿದ್ದಿರುತ್ತಿದ್ದಿತು. ಗೋಡೆಯ ಮೇಲೆ ತೇಲುವಂತಿದ್ದ ರಚನೆಗೆ ಅದೊಂದು ಕೊರತೆ. ಜರ್ಮನಿಯ ವೈಲ್ ಆಮ್ ರೈನ್ ಎಂಬ ಊರಿನ ವಿಟ್ರಾ ವಸ್ತುಸಂಗ್ರಹಾಲಯದವರು 1999ರಿಂದ ಇವುಗಳನ್ನು ಪುನರ್ನಿರ್ಮಿಸತೊಡಗಿದಾಗ ಬ್ಯಾಟರಿಯಿಂದ ನಡೆಯುವ ಸ್ಫಟಿಕಯಂತ್ರವನ್ನು ಅಳವಡಿಸಿದುದರಿಂದ ತಂತಿಯು ಮಾಯವಾಯಿತು. ಪಾಠಾಂತರವು ಮೂಲಕ್ಕಿಂತ ಮೇಲಾದ ವಿರಳ ಪ್ರಸಂಗಗಳಲ್ಲಿ ಇದನ್ನೂ ಸೇರಿಸಬಹುದು.

ಸಾಹಿತ್ಯವನ್ನು ಬೋಧಿಸುವ ಮಿತ್ರರಲ್ಲಿ ನನ್ನ ವಿಜ್ಞಾಪನೆಯು ಇಷ್ಟೆ. ನಮ್ಮ ತರಗತಿಗಳಲ್ಲಿ ಚಂಪೂಕಾವ್ಯಗಳ ಅಷ್ಟಾದಶವರ್ಣನೆಗಳು ಬಂದಾಗ ಅವೆಲ್ಲವೂ ಅತಿಭಾರವೆಂದು ತಳ್ಳಿಹಾಕುವ ಅಭ್ಯಾಸವು ಬಲವಾಗಿದೆ. ಅವೆಲ್ಲವೂ ಶೋಭಾಕರವೆಂದು ತಲೆದೂಗುವ ಅಭ್ಯಾಸವು ಅದಕ್ಕಿಂತ ಹಳೆಯದು. ಎರಡಕ್ಕೂ ಬದಲಾಗಿ ಒಂದೊಂದು ವರ್ಣನೆಯನ್ನೂ ತೆಗೆದು ನೋಡಬೇಕು. ತೆಗೆದಾಗ ಕಥೆಯ ನೆಲೆಯೂ ಕುಸಿದರೆ ಅದು ಹನ್ನೆರಡರಲ್ಲಿ ಒಂದು ಗುಂಡು; ಕುಸಿಯದಿದ್ದರೆ ಅದು ಚಿಕ್ಕ ಮುಖದ ಸುತ್ತ ಸಿಕ್ಕಿಸಿದ ಕಡ್ಡಿ. ಪಂಪನ ಕಾವ್ಯದಲ್ಲಿಯೂ ಕಡ್ಡಿಗಳು ದೊರೆತಾವು, ತೀರ ಸಾಮಾನ್ಯನಾದ ಕವಿಯಲ್ಲಿಯೂ ಗುಂಡು ದೊರೆತೀತು. ಪರೀಕ್ಷೆಯು ಕೃತಿಕೃತಿಗೂ, ಎಡೆಎಡೆಗೂ ಬೇರೆಯಾಗಿ ನಡೆಯಬೇಕಾದುದರಿಂದ ಶ್ರಮವು ಹೆಚ್ಚು. ಆದರೆ ವಿದ್ಯಾರ್ಥಿಯ ಕೈಗೆ ಇದೊಂದು ಉಪಯುಕ್ತವಾದ ಸಾಧನವಾಗುವುದೆಂದು ನನ್ನ ಅನುಭವ.

ಪರದೇಶದ ವಸ್ತುವನ್ನು ಸ್ವದೇಶದ ಶಾಸ್ತ್ರದಿಂದ ಅಳೆದ ಈ ಪ್ರಯತ್ನದಲ್ಲಿ ಅತಿವ್ಯಾಪ್ತಿ ಅವ್ಯಾಪ್ತಿಗಳು ನುಸುಳಿದ್ದರೆ ವಿದ್ವಾಂಸರು ದಯವಿಟ್ಟು ತಿಳಿಸಬೇಕಾಗಿ ಪ್ರಾರ್ಥಿಸುತ್ತೇನೆ.